ಮೊಣಕೈ ಬಿಗಿತದಿಂದ ಹೃದಯದ ಲಯದವರೆಗೆ: ಕೋಶಕೇಂದ್ರದ ಪೊರೆ ಕೆಟ್ಟಾಗ ಆಗುವುದೇನು?

ಹತ್ತು ವರ್ಷದ ಒಂದು ಮಗುವಿಗೆ ಮೊಣಕೈಯನ್ನು ಪೂರ್ತಿ ಚಾಚಲು ಆಗುವುದಿಲ್ಲ. ಹಿಮ್ಮಡಿ ನೆಲಕ್ಕೆ ಊರದೆ ತುದಿಗಾಲಲ್ಲಿ ನಡೆಯುತ್ತದೆ. ಗದ್ದ ಎದೆಗೆ ತಾಗುವಷ್ಟು ಕತ್ತು ಬಗ್ಗುವುದಿಲ್ಲ. ಶಕ್ತಿ ಮಾತ್ರ ಅಷ್ಟೇನೂ ಕುಂದಿಲ್ಲ. ಓಡುತ್ತದೆ, ಮೆಟ್ಟಿಲು ಹತ್ತುತ್ತದೆ. ಇಂಥ ಮಗುವನ್ನು ಮೊದಲು ಮೂಳೆ-ಕೀಲಿನ ವೈದ್ಯರಿಗೆ ತೋರಿಸುವುದು ಸಹಜ. ಆದರೆ ಈ ಮೂರು ಬಿಗಿತಗಳೂ ಒಟ್ಟಿಗೆ ಕಂಡರೆ ತಪ್ಪದೆ ಮಾಡಿಸಬೇಕಾದ ಪರೀಕ್ಷೆ ಇಸಿಜಿ. ಈ ಕಾಯಿಲೆಯಲ್ಲಿ ಕೈಕಾಲಿನ ತೊಂದರೆ ಮೊದಲು ಕಣ್ಣಿಗೆ ಬೀಳುತ್ತದೆ, ಜೀವಕ್ಕೆ ಅಪಾಯ ಬರುವುದು ಹೃದಯದಿಂದ.

ಇದಕ್ಕೆ ಎಮರಿ-ಡ್ರೈಫಸ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂದು ಹೆಸರು. ಮಸ್ಕ್ಯುಲರ್ ಡಿಸ್ಟ್ರೋಫಿ ಎಂದರೆ ಸ್ನಾಯುಗಳು ಕ್ರಮೇಣ ಕ್ಷಯಿಸುವ ಆನುವಂಶಿಕ ಕಾಯಿಲೆ. 1966ರಲ್ಲಿ ಅಲನ್ ಎಮರಿ ಮತ್ತು ಫ್ರಿಟ್ಸ್ ಡ್ರೈಫಸ್ ಅಮೆರಿಕದ ವರ್ಜೀನಿಯಾದ ಒಂದು ಕುಟುಂಬವನ್ನು ಅಭ್ಯಸಿಸಿ, ಇದು ಗಂಡುಮಕ್ಕಳಲ್ಲಿ ಬಾಲ್ಯದಲ್ಲೇ ಸ್ನಾಯು ಕ್ಷಯಿಸುವ ಡುಶೆನ್ ಡಿಸ್ಟ್ರೋಫಿಗಿಂತ ಬೇರೆಯದೇ ಕಾಯಿಲೆ ಎಂದು ತೋರಿಸಿದರು. 1994ರಲ್ಲಿ ಎಕ್ಸ್ ವರ್ಣತಂತುವಿನ ತುದಿಯಲ್ಲಿ ಇದರ ಜೀನ್ ಸಿಕ್ಕಿತು. ಅದು ತಯಾರಿಸುವ 254 ಅಮೈನೋ ಆಮ್ಲಗಳ ಪ್ರೋಟೀನಿಗೆ ಎಮರಿನ್ ಎಂದು ಹೆಸರಿಟ್ಟರು. ಆ ಪ್ರೋಟೀನ್ ಕೋಶದಲ್ಲಿ ಎಲ್ಲಿದೆ ಎಂದು 1996ರಲ್ಲಿ ಹುಡುಕಿದಾಗ ಉತ್ತರ ಯಾರೂ ಎಣಿಸದ ಜಾಗದಲ್ಲಿತ್ತು. ಡುಶೆನ್‌ನಲ್ಲಿ ಕಾಣೆಯಾಗುವ ಡಿಸ್ಟ್ರೋಫಿನ್ ಸ್ನಾಯುಕೋಶದ ಹೊರಪೊರೆಗೆ ಅಂಟಿಕೊಂಡಿರುತ್ತದೆ. ಎಮರಿನ್ ಇದ್ದದ್ದು ಕೋಶಕೇಂದ್ರದ ಒಳಪೊರೆಯಲ್ಲಿ. 1999ರಲ್ಲಿ ಇದೇ ಕಾಯಿಲೆಯ ಇನ್ನೊಂದು ಬಗೆಗೆ, ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಸಾಗುವ ಬಗೆಗೆ, 1ನೇ ವರ್ಣತಂತುವಿನ ಎಲ್‌ಎಂಎನ್‌ಎ ಜೀನ್ ಕಾರಣವೆಂದು ಗೊತ್ತಾಯಿತು. ಅದರ ಪ್ರೋಟೀನೂ ಅದೇ ಜಾಗದ್ದು, ಎಮರಿನ್‌ನ ನೆರೆಯಲ್ಲೇ ಇರುವಂಥದ್ದು. ಅಲ್ಲಿಂದ ಮುಂದೆ ಈ ಪೊರೆಯ ಪ್ರೋಟೀನ್‌ಗಳಿಗೆ ಒಂದರ ಹಿಂದೊಂದು ಕಾಯಿಲೆ ತಳುಕು ಹಾಕಿಕೊಳ್ಳುತ್ತಾ ಹೋಯಿತು.

ಪೊರೆ ಎಂದರೆ ಬರೀ ಚೀಲವಲ್ಲ

ಕೋಶಕೇಂದ್ರದ ಸುತ್ತ ಎರಡು ಪೊರೆಗಳಿವೆ. ಹೊರಗಿನದು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಮುಂದುವರಿಕೆ. ಒಳಗಿನದಕ್ಕೆ ತನ್ನದೇ ಪ್ರೋಟೀನ್‌ಗಳಿವೆ. ಎರಡರ ನಡುವಿನ ಅಂತರ 30ರಿಂದ 50 ನ್ಯಾನೋಮೀಟರ್. ಅಲ್ಲಲ್ಲಿ ಎರಡೂ ಪೊರೆಗಳು ಕೂಡಿಕೊಂಡು ರಂಧ್ರಗಳಾಗಿವೆ. ಆರ್‌ಎನ್‌ಎ, ಪ್ರೋಟೀನ್‌ಗಳ ಓಡಾಟವೆಲ್ಲ ಅವುಗಳ ಮೂಲಕವೇ.

ಒಳಪೊರೆಯ ಕೆಳಗೆ, ವರ್ಣತಂತುಗಳಿಗೆ ಎದುರಾಗಿ, ಲ್ಯಾಮಿನ್ ಎಂಬ ಪ್ರೋಟೀನ್‌ಗಳು ಹೆಣೆದ ಬಲೆಯಿದೆ. ಎಳೆಯ ದಪ್ಪ ಸುಮಾರು 3.5 ನ್ಯಾನೋಮೀಟರ್, ಇಡೀ ಬಲೆಯ ದಪ್ಪ ಸುಮಾರು 14. ಲ್ಯಾಮಿನ್ ಎ ಮತ್ತು ಸಿ ಎರಡೂ ಎಲ್‌ಎಂಎನ್‌ಎ ಜೀನಿನಿಂದಲೇ ಬರುತ್ತವೆ. ಎರಡರಲ್ಲೂ ಮೊದಲ 566 ಅಮೈನೋ ಆಮ್ಲಗಳು ಒಂದೇ, ಬಾಲ ಮಾತ್ರ ಬೇರೆ. ಲ್ಯಾಮಿನ್ ಬಿ1 ಮತ್ತು ಬಿ2ಗೆ ಪ್ರತ್ಯೇಕ ಜೀನ್‌ಗಳಿವೆ. ಬಿ ಬಗೆ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುತ್ತದೆ. ಎ ಬಗೆಯ ಪ್ರಮಾಣ ಅಂಗಾಂಶ ಎಷ್ಟು ಗಡುಸು ಎಂಬುದಕ್ಕೆ ತಕ್ಕಂತೆ ಏರುತ್ತದೆ: ಮೂಳೆ, ಸ್ನಾಯು, ಹೃದಯಗಳಲ್ಲಿ ಹೆಚ್ಚು, ಮಿದುಳಿನಲ್ಲಿ ಬಹಳ ಕಡಿಮೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಎಷ್ಟೋ ವಿಷಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಇನ್ನು ಕೊಂಡಿಗಳು. ಒಳಪೊರೆಯಲ್ಲಿ ಸನ್1, ಸನ್2 ಎಂಬ ಪ್ರೋಟೀನ್‌ಗಳಿವೆ, ಹೊರಪೊರೆಯಲ್ಲಿ ನೆಸ್ಪ್ರಿನ್‌ಗಳಿವೆ. ಪೊರೆಗಳ ನಡುವಿನ ಅಂತರದಲ್ಲಿ ಮೂರು ಸನ್ ಅಣುಗಳು ಒಂದಾಗಿ ಮೂರು ನೆಸ್ಪ್ರಿನ್ ಬಾಲಗಳನ್ನು ಹಿಡಿದುಕೊಳ್ಳುತ್ತವೆ. ಸನ್‌ನ ಇನ್ನೊಂದು ತುದಿ ಲ್ಯಾಮಿನ್ ಬಲೆಗೆ, ನೆಸ್ಪ್ರಿನ್‌ನ ಇನ್ನೊಂದು ತುದಿ ಹೊರಗೆ ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಮತ್ತು ಮೈಕ್ರೋಟ್ಯೂಬ್ಯೂಲ್ ಎಳೆಗಳಿಗೆ. ಇದನ್ನು ಲಿಂಕ್ ಸಂಕೀರ್ಣ ಎನ್ನುತ್ತಾರೆ. ಸ್ನಾಯು ಸಂಕುಚಿಸಿದಾಗ ಹುಟ್ಟುವ ಬಲ ಈ ಸರಪಳಿಯಲ್ಲಿ ಕೋಶಕೇಂದ್ರದ ಒಳಗಿನವರೆಗೂ ಹಾದುಬರುತ್ತದೆ.

ಜೀನ್ ಒಂದು, ಕಾಯಿಲೆ ಹಲವು

ಎಲ್‌ಎಂಎನ್‌ಎ ಜೀನಿನಲ್ಲಿ ಕಾಯಿಲೆ ತರುವ ನೂರಾರು ಬದಲಾವಣೆಗಳು ಗೊತ್ತಿವೆ. ಎಮರಿ-ಡ್ರೈಫಸ್ ಅಲ್ಲದೆ, ಸೊಂಟ ಮತ್ತು ಭುಜದ ಸ್ನಾಯುಗಳನ್ನು ಹಿಡಿಯುವ ಲಿಂಬ್-ಗರ್ಡಲ್ ಡಿಸ್ಟ್ರೋಫಿ ಇದರಿಂದ ಬರುತ್ತದೆ. ಹುಟ್ಟಿದ ಮೊದಲೆರಡು ವರ್ಷಗಳಲ್ಲೇ ಕತ್ತು ನಿಲ್ಲದೆ ತಲೆ ವಾಲುವ ಜನ್ಮಜಾತ ಬಗೆಯೂ ಇದೆ. ಕೈಕಾಲಿನ ಸ್ನಾಯು ಚೆನ್ನಾಗಿಯೇ ಇದ್ದು ಹೃದಯ ಮಾತ್ರ ಹಿಗ್ಗಿ, ವಿದ್ಯುತ್ ಸಂಕೇತದ ದಾರಿ ಕೆಡುವ ಕಾರ್ಡಿಯೋಮಯೋಪತಿ ಇದೆ. ಕುಟುಂಬದಲ್ಲಿ ಸಾಗಿಬರುವ ಹಿಗ್ಗಿದ ಹೃದಯದ ಕಾಯಿಲೆಗಳಲ್ಲಿ ಶೇ 5ರಿಂದ 10ರಷ್ಟಕ್ಕೆ ಈ ಜೀನೇ ಕಾರಣ. ಸ್ನಾಯುವಿಗೆ ಸಂಬಂಧವೇ ಇಲ್ಲದವೂ ಇವೆ. ಡನಿಗನ್ ಲಿಪೊಡಿಸ್ಟ್ರೋಫಿಯಲ್ಲಿ ಹರೆಯ ಬರುತ್ತಿದ್ದಂತೆ ಕೈಕಾಲುಗಳ ಕೊಬ್ಬು ಕರಗಿ, ಮುಖ-ಕತ್ತಿನಲ್ಲಿ ಸೇರುತ್ತದೆ. ಜೊತೆಗೆ ಇನ್ಸುಲಿನ್‌ಗೆ ಸ್ಪಂದಿಸದ ಮಧುಮೇಹ, ಮೇದೋಜೀರಕ ಗ್ರಂಥಿ ಊದಿಕೊಳ್ಳುವಷ್ಟು ಏರುವ ಟ್ರೈಗ್ಲಿಸರೈಡ್. ನರಗಳನ್ನು ಹಿಡಿಯುವ ಶಾರ್ಕೊ-ಮರಿ-ಟೂತ್‌ನ ಒಂದು ಬಗೆ, ದವಡೆ ಮತ್ತು ಕೊರಳೆಲುಬು ಸವೆಯುವ ಮ್ಯಾಂಡಿಬ್ಯುಲೋಏಕ್ರಲ್ ಡಿಸ್ಪ್ಲೇಸಿಯಾ, ಮಕ್ಕಳಲ್ಲಿ ಅಕಾಲ ಮುಪ್ಪು ತರುವ ಪ್ರೊಜೀರಿಯಾ ಕೂಡ ಇದೇ ಜೀನಿನವು.

ಯಾವ ಬದಲಾವಣೆ ಯಾವ ಕಾಯಿಲೆ ತರುತ್ತದೆ ಎಂಬುದಕ್ಕೆ ಪೂರ್ತಿ ನಿಯಮವಿಲ್ಲ. ಒಂದು ಸುಳಿವು ಮಾತ್ರ ಚೆನ್ನಾಗಿ ನಿಲ್ಲುತ್ತದೆ. ಲ್ಯಾಮಿನ್‌ನ ಬಾಲದಲ್ಲಿ ಇಮ್ಯುನೋಗ್ಲೋಬ್ಯುಲಿನ್ ಮಾದರಿಯಲ್ಲಿ ಮಡಚಿಕೊಂಡ ಒಂದು ಭಾಗವಿದೆ. ಲಿಪೊಡಿಸ್ಟ್ರೋಫಿಯವರಲ್ಲಿ ಹೆಚ್ಚಿನವರಿಗೆ ಬದಲಾಗಿರುವುದು 482ನೇ ಸ್ಥಾನದ ಆರ್ಜಿನಿನ್. ಅದು ಈ ಮಡಿಕೆಯ ಮೇಲ್ಮೈಯಲ್ಲಿದೆ. ಅಲ್ಲಿ ಬದಲಾದರೆ ಮಡಿಕೆ ಬೀಳುವುದಿಲ್ಲ, ಆ ಜಾಗಕ್ಕೆ ಬಂದು ಅಂಟಬೇಕಾದ ಅಣುಗಳ ಹಿಡಿತ ತಪ್ಪುತ್ತದೆ. 453ನೇ ಆರ್ಜಿನಿನ್‌ನಂತೆ ಮಡಿಕೆಯನ್ನು ಕಟ್ಟಿಹಿಡಿದಿರುವ ಜಾಗ ಬದಲಾದರೆ ಮಡಿಕೆಯೇ ಸಡಿಲವಾಗುತ್ತದೆ, ಆಗ ಬರುವುದು ಸ್ನಾಯುವಿನ ಕಾಯಿಲೆ. ಪ್ರೋಟೀನ್ ಕುಸಿಯಿತೋ, ಅದರ ಒಂದು ನಂಟು ಮಾತ್ರ ಕಡಿಯಿತೋ ಎಂಬುದು ಯಾವ ಅಂಗಕ್ಕೆ ಪೆಟ್ಟು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಹಾಗಿದ್ದೂ ಒಂದೇ ಮನೆಯಲ್ಲಿ, ಒಂದೇ ಬದಲಾವಣೆ ಇರುವ ಅಣ್ಣನಿಗೆ ಸ್ನಾಯು ಕ್ಷಯಿಸಿ ತಂಗಿಗೆ ಹೃದಯ ಮಾತ್ರ ಕೆಡುವುದುಂಟು.

ಸ್ನಾಯುವಿಗೇ ಏಕೆ?

ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವ ಪ್ರೋಟೀನ್ ಕೆಟ್ಟರೆ ಕೆಲವೇ ಅಂಗಾಂಶಗಳು ನರಳುವುದು ಏಕೆ? ಇದಕ್ಕೆ ಮೂರು ವಿವರಣೆಗಳಿವೆ. ಒಂದನ್ನು ಆರಿಸಿ ಉಳಿದವನ್ನು ಬಿಡುವುದು ತಪ್ಪಾಗುತ್ತದೆ ಎಂದೇ ನನ್ನ ಅಭಿಪ್ರಾಯ.

ಮೊದಲನೆಯದು ಬಲದ ಲೆಕ್ಕ. ಲ್ಯಾಮಿನ್ ಎ ಇಲ್ಲದ ಕೋಶಕೇಂದ್ರ ಮೆತ್ತಗಾಗುತ್ತದೆ, ಎಳೆದಾಗ ಬೇಗ ಆಕಾರ ಕೆಡುತ್ತದೆ, ಪೊರೆ ಹರಿಯುತ್ತದೆ. ಹರಿದ ಕಡೆ ಡಿಎನ್‌ಎ ಹೊರಚಾಚಿ ಹಾನಿಗೊಳ್ಳುತ್ತದೆ. ಚರ್ಮದಡಿಯ ಕೋಶಕ್ಕೆ ಇದು ಅಷ್ಟಾಗಿ ತಟ್ಟದಿರಬಹುದು, ದಿನವಿಡೀ ಬಡಿಯುವ ಹೃದಯಕ್ಕೆ ತಟ್ಟಿಯೇ ತಟ್ಟುತ್ತದೆ. ಸ್ನಾಯುವಿನಲ್ಲಿ ಸಂಕೋಚನವೊಂದೇ ಬಲವಲ್ಲ. ಎಳೆಯ ಸ್ನಾಯುತಂತು ಬೆಳೆಯುವಾಗ ಕೈನೇಸಿನ್-1 ಎಂಬ ಮೋಟಾರ್ ಪ್ರೋಟೀನ್ ಕೋಶಕೇಂದ್ರಗಳನ್ನು ತಂತುವಿನ ಉದ್ದಕ್ಕೂ ಎಳೆದು ಸಾಲಾಗಿ ಕೂರಿಸುತ್ತದೆ. ಲ್ಯಾಮಿನ್ ದೋಷವಿರುವ ಕೋಶಗಳಲ್ಲಿ ಈ ಎಳೆತಕ್ಕೇ ಕೋಶಕೇಂದ್ರ ಹರಿಯುತ್ತದೆ. ಕೈನೇಸಿನ್-1ನ್ನು ತಗ್ಗಿಸಿದರೆ, ಇಲ್ಲವೇ ಲಿಂಕ್ ಕೊಂಡಿಯನ್ನು ಬಿಡಿಸಿದರೆ ಹಾನಿ ಕಡಿಮೆಯಾಗುತ್ತದೆ. ಇಲಿಗಳಲ್ಲೂ ಇದಕ್ಕೆ ಹೊಂದುವ ಫಲಿತಾಂಶ ಬಂದಿದೆ. ಲ್ಯಾಮಿನ್ ಎ ಕಿತ್ತುಹಾಕಿದ ಇಲಿಮರಿಗಳು ಎಂಟು ವಾರದ ಹೊತ್ತಿಗೆ ಸಾಯುತ್ತವೆ. ಅವುಗಳಲ್ಲಿ ಸನ್1 ಅನ್ನೂ ತೆಗೆದರೆ ಹೆಚ್ಚು ಕಾಲ ಬದುಕುತ್ತವೆ ಎಂದು 2012ರಲ್ಲಿ ತೋರಿಸಲಾಯಿತು. ಎರಡು ಪ್ರೋಟೀನ್ ಕಳೆದುಕೊಂಡ ಪ್ರಾಣಿ ಒಂದನ್ನು ಕಳೆದುಕೊಂಡದ್ದಕ್ಕಿಂತ ಗಟ್ಟಿ! ಲ್ಯಾಮಿನ್ ಕಡಿಮೆಯಾದಾಗ ಸನ್1 ಮಿತಿಮೀರಿ ಶೇಖರವಾಗುವುದೇ ಹಾನಿಯ ಒಂದು ಭಾಗ ಎಂಬುದು ಅದರಿಂದ ಹೊರಟ ತೀರ್ಮಾನ.

ಎರಡನೆಯದು ಜೀನ್‌ಗಳ ಜೋಡಣೆ. ನಮ್ಮ ಡಿಎನ್‌ಎಯ ಸುಮಾರು ಮೂರನೇ ಒಂದು ಭಾಗ ಲ್ಯಾಮಿನ್ ಬಲೆಗೆ ತಾಗಿಕೊಂಡಿರುತ್ತದೆ, ಅಲ್ಲಿನ ಜೀನ್‌ಗಳು ಹೆಚ್ಚಾಗಿ ಸುಮ್ಮನಿರುತ್ತವೆ. ಎಳೆಯ ಕೋಶ ಸ್ನಾಯುವಾಗಿ ಬಲಿಯುವಾಗ ಸ್ನಾಯುವಿನ ಜೀನ್‌ಗಳು ಬಲೆಯಿಂದ ಕಳಚಿ ಒಳಕ್ಕೆ ಸರಿಯಬೇಕು, ಬೇಡವಾದವು ಬಂದು ಅಂಟಬೇಕು. ಬಲೆ ಕೆಟ್ಟರೆ ಈ ಸರಿದಾಟ ತಪ್ಪುತ್ತದೆ, ಗಾಯಗೊಂಡ ಸ್ನಾಯು ಮತ್ತೆ ಬೆಳೆಯುವುದು ಕುಂಠಿತವಾಗುತ್ತದೆ.

ಮೂರನೆಯದು ಸಂಕೇತಗಳು. ಎಲ್‌ಎಂಎನ್‌ಎ ದೋಷದ ಇಲಿಗಳ ಹೃದಯದಲ್ಲಿ ಇಆರ್‌ಕೆ ಎಂಬ ಸಂಕೇತ ಪ್ರೋಟೀನ್, ಹೃದಯ ಹಿಗ್ಗುವ ಮುಂಚೆಯೇ ಅತಿಯಾಗಿ ಚುರುಕಾಗಿರುವುದು 2007ರಲ್ಲಿ ಕಂಡುಬಂತು. ಅದನ್ನು ತಡೆಯುವ ರಾಸಾಯನಿಕ ಕೊಟ್ಟಾಗ ಇಲಿಗಳ ಹೃದಯ ಸುಧಾರಿಸಿತು. ಎಮರಿನ್‌ಗೂ ಇಲ್ಲಿ ಪಾತ್ರವಿದೆ: ಕೋಶಕೇಂದ್ರದೊಳಗಿನ ಆಕ್ಟಿನ್ ಎಳೆಗಟ್ಟಲು ಅದು ನೆರವಾಗುತ್ತದೆ, ಆ ಮೂಲಕ ಹೃದಯದ ಹಲವು ಜೀನ್‌ಗಳನ್ನು ಎಬ್ಬಿಸುವ ಎಂಕೆಎಲ್1 ಎಂಬ ಅಂಶ ಒಳಗೆ ಉಳಿಯುತ್ತದೆ. ಎಮರಿನ್ ಇಲ್ಲದಿದ್ದರೆ ಅದು ಒಳಗೆ ಸಾಕಷ್ಟು ನಿಲ್ಲುವುದಿಲ್ಲ.

ಪ್ರೊಜೀರಿಯಾ: ಕತ್ತರಿ ಬೀಳದ ಬಾಲ

ಪೊರೆಯ ಕಾಯಿಲೆಗಳಲ್ಲೆಲ್ಲ ಹಂತಹಂತವಾಗಿ ಅರ್ಥವಾಗಿರುವುದು ಇದು. ಲ್ಯಾಮಿನ್ ಎ ಮೊದಲು 664 ಅಮೈನೋ ಆಮ್ಲಗಳ ಕಚ್ಚಾ ರೂಪದಲ್ಲಿ ತಯಾರಾಗುತ್ತದೆ. ಅದರ ತುದಿಯ ಸಿಸ್ಟೀನ್‌ಗೆ ಫಾರ್ನೆಸಿಲ್ ಎಂಬ ಎಣ್ಣೆಗುಣದ ಕೊಂಡಿ ಸೇರುತ್ತದೆ. ಕೊನೆಯ ಮೂರು ಅಮೈನೋ ಆಮ್ಲಗಳು ಕತ್ತರಿಸಿಹೋಗುತ್ತವೆ. ತುದಿಗೆ ಮೀಥೈಲ್ ಸೇರುತ್ತದೆ. ಆಮೇಲೆ ಜಡ್‌ಎಂಪಿಎಸ್‌ಟಿಇ24 ಎಂಬ ಕಿಣ್ವ ಇನ್ನೂ 15 ಅಮೈನೋ ಆಮ್ಲಗಳನ್ನು ಫಾರ್ನೆಸಿಲ್ ಸಮೇತ ಕತ್ತರಿಸಿ, 646ರ ಪಕ್ವ ಲ್ಯಾಮಿನ್ ಎ ಅನ್ನು ಬಿಡುಗಡೆ ಮಾಡುತ್ತದೆ.

ಪ್ರೊಜೀರಿಯಾದ ಮಕ್ಕಳಲ್ಲಿ ಜೀನಿನ 1824ನೇ ಅಕ್ಷರ ಸಿ ಇದ್ದದ್ದು ಟಿ ಆಗಿರುತ್ತದೆ. ಅಮೈನೋ ಆಮ್ಲ ಬದಲಾಗುವುದಿಲ್ಲ. 608ನೇ ಗ್ಲೈಸಿನ್ ಗ್ಲೈಸಿನ್ ಆಗಿಯೇ ಉಳಿಯುತ್ತದೆ. ಆದರೆ ಆ ಬದಲಾವಣೆಯಿಂದ ಆರ್‌ಎನ್‌ಎ ಕತ್ತರಿಸಿ ಜೋಡಿಸುವ ಯಂತ್ರಕ್ಕೆ ಒಂದು ಸುಳ್ಳು ಗುರುತು ಸಿಕ್ಕಿ, 150 ಅಕ್ಷರಗಳು ಹಾರಿಹೋಗುತ್ತವೆ. ಪ್ರೋಟೀನಿನಿಂದ 50 ಅಮೈನೋ ಆಮ್ಲಗಳು ಇಲ್ಲವಾಗುತ್ತವೆ, ಕಿಣ್ವ ಕೊನೆಯ ಬಾರಿ ಕತ್ತರಿ ಹಾಕಬೇಕಾದ ಜಾಗವೂ ಅವುಗಳಲ್ಲೇ ಸೇರಿಹೋಗಿದೆ. ಹೀಗಾಗಿ ಫಾರ್ನೆಸಿಲ್ ಬಾಲ ಕಳಚದೆ ಪ್ರೋಟೀನ್ ಪೊರೆಗೆ ಅಂಟಿಯೇ ಉಳಿಯುತ್ತದೆ. ಇದೇ ಪ್ರೊಜೆರಿನ್. ಇದರ ಕಾರಣ ಪತ್ತೆಯಾದದ್ದು 2003ರಲ್ಲಿ. ಕಿಣ್ವವೇ ಪೂರ್ತಿ ಇಲ್ಲದಿದ್ದರೆ ಇನ್ನೂ ಕಠಿಣ. ಚರ್ಮ ಬಿಗಿದು ಹುಟ್ಟುವ ರಿಸ್ಟ್ರಿಕ್ಟಿವ್ ಡರ್ಮೋಪತಿಯ ಶಿಶುಗಳು ಹೆಚ್ಚು ದಿನ ಬದುಕುವುದಿಲ್ಲ.

ಪ್ರೊಜೀರಿಯಾದ ಮಕ್ಕಳ ಬುದ್ಧಿಶಕ್ತಿಗೆ ಕುಂದಿಲ್ಲ. ನರಕೋಶಗಳಲ್ಲಿರುವ ಎಂಐಆರ್-9 ಎಂಬ ಕಿರು ಆರ್‌ಎನ್‌ಎ ಅಲ್ಲಿ ಲ್ಯಾಮಿನ್ ಎ ತಯಾರಾಗದಂತೆ ನೋಡಿಕೊಳ್ಳುವುದರಿಂದ ಪ್ರೊಜೆರಿನ್ ಕೂಡ ಅಲ್ಲಿ ಶೇಖರವಾಗುವುದಿಲ್ಲ. ರಕ್ತನಾಳಗಳಿಗೆ ಆ ರಕ್ಷಣೆಯಿಲ್ಲ. ಚಿಕಿತ್ಸೆ ಇಲ್ಲದೆ ಸರಾಸರಿ 14-15ನೇ ವಯಸ್ಸಿಗೆ ಹೃದಯಾಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಸಾವು ಬರುತ್ತದೆ.

ಫಾರ್ನೆಸಿಲ್ ಸೇರುವುದನ್ನೇ ತಡೆಯುವ ಲೋನಾಫಾರ್ನಿಬ್‌ಗೆ 2020ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಒಂದು ವರ್ಷ ದಾಟಿದ, ಮೈಯ ಮೇಲ್ಮೈ ಕನಿಷ್ಠ 0.39 ಚದರ ಮೀಟರ್ ಇರುವ ಮಕ್ಕಳಿಗೆ ಇದನ್ನು ಕೊಡುತ್ತಾರೆ. ಚದರ ಮೀಟರ್‌ಗೆ 115 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಶುರುಮಾಡಿ, ನಾಲ್ಕು ತಿಂಗಳ ಮೇಲೆ 150ಕ್ಕೆ ಏರಿಸುತ್ತಾರೆ. ವಾಂತಿ, ಭೇದಿ ಸಾಮಾನ್ಯ. ಯಕೃತ್ತಿನ ಸಿವೈಪಿ3ಎ ಕಿಣ್ವದ ಮೇಲೆ ಕೆಲಸ ಮಾಡುವ ಬೇರೆ ಔಷಧಿಗಳೊಂದಿಗೆ ಇದು ಹೊಂದುವುದಿಲ್ಲವಾದ್ದರಿಂದ ಪ್ರತಿ ಹೊಸ ಔಷಧಿಗೂ ಮುಂಚೆ ವೈದ್ಯರಿಗೆ ತಿಳಿಸಬೇಕು. ಆಯುಸ್ಸು ಕೂಡುವುದು ಸರಾಸರಿ ಎರಡೂವರೆ ವರ್ಷದಷ್ಟು. 2021ರಲ್ಲಿ ಇಲಿಗಳಲ್ಲಿ ಆ ಒಂದು ಅಕ್ಷರವನ್ನೇ ತಿದ್ದಿದಾಗ ಅವುಗಳ ಆಯುಸ್ಸು 215 ದಿನದಿಂದ 510 ದಿನಕ್ಕೆ ಏರಿತು. ಬಹುತೇಕ ಎಲ್ಲ ಮಕ್ಕಳಲ್ಲೂ ತಪ್ಪಿರುವುದು ಅದೇ ಒಂದು ಅಕ್ಷರವಾದ್ದರಿಂದ ಇಲ್ಲಿ ಒಂದೇ ತಿದ್ದುಪಡಿ ಎಲ್ಲರಿಗೂ ಆದೀತು. ಸ್ನಾಯುವಿನ ಬಗೆಗಳಲ್ಲಿ ಮನೆಗೊಂದು ಬದಲಾವಣೆ ಇರುವುದರಿಂದ ಆ ಅನುಕೂಲವಿಲ್ಲ.

ಪೊರೆಯ ಉಳಿದ ಪ್ರೋಟೀನ್‌ಗಳು

ಇವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್‌ಬಿಆರ್‌ನ ಒಂದು ಪ್ರತಿ ಕೆಟ್ಟರೆ ಬಿಳಿರಕ್ತಕಣದ ಕೋಶಕೇಂದ್ರ ಎರಡೇ ಎಸಳಾಗಿ ಕಾಣುವ ಪೆಲ್ಗರ್-ಹ್ಯೂಯೆಟ್; ಇದರಿಂದ ತೊಂದರೆಯಿಲ್ಲ. ಎರಡೂ ಪ್ರತಿ ಕೆಟ್ಟರೆ ಭ್ರೂಣ ಉಳಿಯದ ಮೂಳೆಯ ಕಾಯಿಲೆ. ಎಲ್‌ಇಎಂಡಿ3 ಕೆಟ್ಟರೆ ಮೂಳೆಯಲ್ಲಿ ದಟ್ಟ ಚುಕ್ಕೆಗಳು ಮೂಡುತ್ತವೆ, ಎಕ್ಸ್-ರೇಯಲ್ಲಿ ಕ್ಯಾನ್ಸರ್ ಹರಡಿದಂತೆ ತೋರಿ ಗಾಬರಿ ಹುಟ್ಟಿಸುತ್ತವೆ. ಲ್ಯಾಮಿನ್ ಬಿ1ರ ಜೀನ್ ಇಮ್ಮಡಿಯಾದರೆ 40-50ರ ವಯಸ್ಸಿನಲ್ಲಿ ಮಿದುಳಿನ ಬಿಳಿಭಾಗ ಕ್ಷಯಿಸುತ್ತದೆ. ಮೂತ್ರದ ಹಿಡಿತ, ರಕ್ತದೊತ್ತಡ ಕೆಡುವುದು ಅದರ ಮೊದಲ ಸೂಚನೆ. ನೆಸ್ಪ್ರಿನ್-1ರ ಎರಡೂ ಪ್ರತಿ ಕೆಟ್ಟರೆ ನಡಿಗೆಯ ಸಮತೋಲ ತಪ್ಪುವ ಅಟಾಕ್ಸಿಯಾ ಬರುತ್ತದೆ. 2007ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕುಟುಂಬಗಳಲ್ಲಿ ಇದು ಗೊತ್ತಾಯಿತು. ಟಾರ್ಸಿನ್-ಎಯಿಂದ ಒಂದು ಗ್ಲುಟಾಮಿಕ್ ಆಮ್ಲ ಬಿಟ್ಟುಹೋದರೆ ಮಕ್ಕಳಲ್ಲಿ ಶುರುವಾಗುವ, ಸ್ನಾಯುಗಳು ತಾವಾಗಿ ಸೆಳೆದು ಮೈ ತಿರುಚುವ ಡಿಸ್ಟೋನಿಯಾ, ಅದೂ ದೋಷವಿರುವ ಸುಮಾರು ಮೂವರಲ್ಲಿ ಒಬ್ಬರಿಗೆ ಮಾತ್ರ.

ಪತ್ತೆ ಹಚ್ಚುವಾಗ ಎಡವುವ ಜಾಗಗಳು

ಸ್ನಾಯುವಿಗೆ ಹಾನಿಯಾದಾಗ ರಕ್ತಕ್ಕೆ ಸೋರುವ ಸಿಕೆ ಎಂಬ ಕಿಣ್ವದ ಪ್ರಮಾಣ ನೋಡಿ ಸ್ನಾಯು ಕಾಯಿಲೆ ಇಲ್ಲವೆಂದು ಕೈಬಿಡುವುದು ಮೊದಲ ತಪ್ಪು. ಡುಶೆನ್‌ನಂತೆ ಇಲ್ಲಿ ಅದು ಸಾವಿರಗಟ್ಟಲೆ ಏರುವುದು ಅಪರೂಪ, ಸಹಜವಾಗಿಯೇ ಇರಲೂಬಹುದು. ಬಯಾಪ್ಸಿ ವರದಿಯಲ್ಲಿ ನಿರ್ದಿಷ್ಟವಾದದ್ದೇನೂ ಸಿಗದೆ ಹೋಗಬಹುದು. ತಲೆ ವಾಲುವ ಶಿಶುಗಳ ಬಯಾಪ್ಸಿಯಲ್ಲಿ ಉರಿಯೂತ ಕಂಡು ಮಯೋಸೈಟಿಸ್ ಎಂದು ಭಾವಿಸಿದ ಉದಾಹರಣೆಗಳೂ ವರದಿಯಾಗಿವೆ. ಎಂಆರ್‌ಐನಲ್ಲಿ ಮೀನಖಂಡದ ಒಳಭಾಗದ ಸ್ನಾಯು ಕೊಬ್ಬಾಗಿ ಹೊರಭಾಗದ್ದು ಉಳಿದುಕೊಂಡಿದ್ದರೆ ಲ್ಯಾಮಿನ್ ಕಡೆಗೆ ಅನುಮಾನ ತಿರುಗಬೇಕು.

ಎಮರಿನ್ ಬಗೆಯಲ್ಲಿ ಬಹುತೇಕರಿಗೆ ಪ್ರೋಟೀನ್ ಪೂರ್ತಿ ಇಲ್ಲದಿರುವುದರಿಂದ, ಚರ್ಮದ ಅಥವಾ ಕೆನ್ನೆಯ ಒಳಭಾಗದ ಕೋಶಗಳಿಗೆ ಎಮರಿನ್ ಆ್ಯಂಟಿಬಾಡಿ ಬಣ್ಣ ಹಾಕಿದರೆ ಸಾಕು, ಪೊರೆಯ ಸುತ್ತಿನ ಉಂಗುರ ಕಾಣೆಯಾಗಿರುತ್ತದೆ. ಲ್ಯಾಮಿನ್ ಬಗೆಗೆ ಈ ದಾರಿ ಪ್ರಯೋಜನವಿಲ್ಲ: ಒಂದು ಪ್ರತಿ ಚೆನ್ನಾಗಿರುತ್ತದೆ, ಕೆಟ್ಟ ಪ್ರತಿಯೂ ಪ್ರೋಟೀನ್ ತಯಾರಿಸುತ್ತದೆ, ಬಣ್ಣ ಸಹಜವಾಗಿ ಕಾಣುತ್ತದೆ. ಅದಕ್ಕೆ ಜೀನ್ ಪರೀಕ್ಷೆಯೇ ಬೇಕು. ಅಲ್ಲಿಯೂ ಎಚ್ಚರ ಬೇಕು. ಅಮೈನೋ ಆಮ್ಲ ಬದಲಿಸದ ಬದಲಾವಣೆಗಳನ್ನು ನಿರುಪದ್ರವಿ ಎಂದು ಸೋಸಿಹಾಕುವ ತಂತ್ರಾಂಶ ಪ್ರೊಜೀರಿಯಾದ ಬದಲಾವಣೆಯನ್ನೇ ಸೋಸಿಹಾಕಿಬಿಡುತ್ತದೆ. ಅಕ್ಷರಗಳನ್ನು ಮಾತ್ರ ಓದುವ ಪರೀಕ್ಷೆಗೆ ಜೀನಿನ ದೊಡ್ಡ ತುಂಡು ಬಿಟ್ಟುಹೋಗಿರುವುದು ಸಿಗದಿರಬಹುದು, ಆಗ ಜೀನಿನ ತುಂಡುಗಳ ಪ್ರತಿಗಳನ್ನು ಎಣಿಸುವ ಎಂಎಲ್‌ಪಿಎ ಪರೀಕ್ಷೆ ಕೇಳಬೇಕು. ‘ಮಹತ್ವ ಅನಿಶ್ಚಿತ’ ಎಂದು ವರದಿ ಬಂದರೆ ತಂದೆತಾಯಿಯ ಮಾದರಿ, ಕಾಯಿಲೆ ಇರುವ ಇತರ ಬಂಧುಗಳ ಮಾದರಿ ಹೋಲಿಸಿ ನೋಡುವವರೆಗೆ ಅದನ್ನು ರೋಗನಿರ್ಣಯ ಎಂದುಕೊಳ್ಳಬಾರದು.

ಹೃದಯದ ಲೆಕ್ಕ

ಇಸಿಜಿಯಲ್ಲಿ ಹೃತ್ಕರ್ಣದ ವಿದ್ಯುತ್ ಸಂಕೇತವಾದ ಪಿ ಅಲೆ ಚಿಕ್ಕದಾಗುವುದು, ಆ ಸಂಕೇತ ಹೃತ್ಕುಕ್ಷಿಗೆ ತಲುಪಲು ಹಿಡಿಯುವ ಪಿಆರ್ ಅಂತರ ಹಿಗ್ಗುವುದು ಮೊದಲ ಗುರುತು. ಮುಂದೆ ಹೃತ್ಕರ್ಣದ ಲಯ ತಪ್ಪುತ್ತದೆ. ಎಮರಿನ್ ಬಗೆಯಲ್ಲಿ ಹೃತ್ಕರ್ಣ ಪೂರ್ತಿ ಸ್ತಬ್ಧವಾಗುವುದೂ ಉಂಟು. ಆಗ ಅಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯುವಾಗದಂತೆ ಹೆಪ್ಪುನಿರೋಧಕ ಔಷಧಿ ಬೇಕಾಗುತ್ತದೆ. 299 ಲ್ಯಾಮಿನ್ ದೋಷವಾಹಕರನ್ನು ಒಟ್ಟುಗೂಡಿಸಿದ 2005ರ ವಿಶ್ಲೇಷಣೆಯಲ್ಲಿ, 30 ದಾಟಿದವರಲ್ಲಿ ಶೇ 92 ಮಂದಿಗೆ ಲಯದ ತೊಂದರೆ, 50 ದಾಟಿದವರಲ್ಲಿ ಶೇ 64 ಮಂದಿಗೆ ಹೃದಯ ವೈಫಲ್ಯ ಇತ್ತು. ಪೇಸ್‌ಮೇಕರ್ ಇದ್ದವರಲ್ಲೂ ಇಲ್ಲದವರಲ್ಲೂ ಹಠಾತ್ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ಆ ಕೊನೆಯ ಮಾತೇ ಮುಖ್ಯ. ಪೇಸ್‌ಮೇಕರ್ ನಿಧಾನವಾದ ಬಡಿತವನ್ನು ಎತ್ತುತ್ತದೆ, ಹೃತ್ಕುಕ್ಷಿಯಲ್ಲಿ ಏಳುವ ಮಾರಕ ವೇಗದ ಲಯವನ್ನು ನಿಲ್ಲಿಸುವುದಿಲ್ಲ. 2006ರ ಒಂದು ಅಧ್ಯಯನದಲ್ಲಿ ಪೇಸ್‌ಮೇಕರ್ ಬೇಕಾಗಿದ್ದ 19 ಲ್ಯಾಮಿನ್ ರೋಗಿಗಳಿಗೆ ಅದರ ಬದಲು, ಮಾರಕ ಲಯವನ್ನು ಗುರುತಿಸಿ ವಿದ್ಯುತ್ ಆಘಾತದಿಂದ ಸರಿಪಡಿಸುವ ಐಸಿಡಿ ಎಂಬ ಸಾಧನ ಅಳವಡಿಸಿದರು. ಸುಮಾರು ಮೂರು ವರ್ಷದಲ್ಲಿ 8 ಮಂದಿಗೆ ಅದು ನಿಜಕ್ಕೂ ಕೆಲಸಕ್ಕೆ ಬಂತು. ಹಾಗಾಗಿ ಲ್ಯಾಮಿನ್ ದೋಷವಿರುವವರಿಗೆ ಪೇಸ್‌ಮೇಕರ್ ಹಾಕುವ ಮಾತು ಬಂದಾಗಲೇ ಐಸಿಡಿಯ ಪ್ರಶ್ನೆ ಕೇಳಬೇಕು. ಗಂಡಸಾಗಿರುವುದು, ಎಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲು) ಶೇ 45ಕ್ಕಿಂತ ಕಡಿಮೆ ಇರುವುದು, ದಿನವಿಡೀ ಧರಿಸುವ ಇಸಿಜಿಯಾದ ಹೋಲ್ಟರ್‌ನಲ್ಲಿ ಹೃತ್ಕುಕ್ಷಿಯ ವೇಗದ ಬಡಿತದ ಸಣ್ಣ ಸಾಲುಗಳು ಸಿಗುವುದು, ಪ್ರೋಟೀನ್ ಮೊಟಕಾಗುವ ಬಗೆಯ ಬದಲಾವಣೆ ಇರುವುದು, ಇವುಗಳಲ್ಲಿ ಎರಡು ಸೇರಿದರೂ ಅಪಾಯ ಏರುತ್ತದೆ. 2019ರಿಂದ ಲ್ಯಾಮಿನ್‌ಗೆಂದೇ ರೂಪಿಸಿದ ಅಪಾಯದ ಲೆಕ್ಕವಿದೆ. ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ದಾಟಲು ಇರುವ ತಡೆಯ ಮಟ್ಟವೂ ಅದರಲ್ಲಿ ಸೇರಿದೆ.

ರೋಗದ ಮೂಲಕ್ಕೇ ಔಷಧಿ ಹುಡುಕುವ ಯತ್ನಗಳಲ್ಲಿ ಪಿ38 ಎಂಬ ಸಂಕೇತ ಪ್ರೋಟೀನನ್ನು ತಡೆಯುವ ಔಷಧಿಯೊಂದು ಮೂರನೇ ಹಂತದ ಪ್ರಯೋಗದವರೆಗೂ ಬಂದಿತ್ತು. ಫಲ ಕಾಣುವ ಸಾಧ್ಯತೆಯಿಲ್ಲವೆಂದು 2022ರಲ್ಲಿ ಪ್ರಯೋಗ ನಿಲ್ಲಿಸಿದರು. ಸದ್ಯಕ್ಕೆ ಕೈಯಲ್ಲಿರುವುದು ಹೃದಯ ವೈಫಲ್ಯದ ಸಾಮಾನ್ಯ ಔಷಧಿಗಳು, ಸಾಧನಗಳು, ಕೊನೆಗೆ ಹೃದಯ ಕಸಿ. ದಿನವೂ ಕೀಲುಗಳನ್ನು ಮೆಲ್ಲಗೆ ಚಾಚಿಸುವ ವ್ಯಾಯಾಮ ಬಿಗಿತವನ್ನು ನಿಧಾನಗೊಳಿಸುತ್ತದೆ, ಸ್ಪರ್ಧೆಯ ಮಟ್ಟದ ಓಟ-ಸೈಕ್ಲಿಂಗ್ ಬೇಡ. ಯಾವುದೇ ಶಸ್ತ್ರಚಿಕಿತ್ಸೆಗೂ ಮುಂಚೆ ಅರಿವಳಿಕೆ ವೈದ್ಯರಿಗೆ ಎರಡು ಸಂಗತಿ ಹೇಳಲೇಬೇಕು: ಕತ್ತು ಬಗ್ಗದ್ದರಿಂದ ಉಸಿರಿನ ಕೊಳವೆ ಹಾಕುವುದು ಕಷ್ಟವಾಗಬಹುದು, ಸ್ನಾಯು ಸಡಿಲಿಸಲು ಕೊಡುವ ಸಕ್ಸಮೆಥೋನಿಯಂ ಬಳಸಬಾರದು.

ಇಷ್ಟೆಲ್ಲ ಗೊತ್ತಾದ ಮೇಲೆ ಮನೆಯವರ ಪರೀಕ್ಷೆ. ಲ್ಯಾಮಿನ್ ದೋಷವಿರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತಂದೆತಾಯಿ ಇಬ್ಬರ ರಕ್ತದಲ್ಲೂ ಅದಿಲ್ಲದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದರೂ, ಅವರ ಬೀಜಕೋಶಗಳಲ್ಲಿ ಕೆಲವು ಮಾತ್ರ ಅದನ್ನು ಹೊತ್ತಿರುವ ಸಾಧ್ಯತೆ ಇರುವುದರಿಂದ ಮುಂದಿನ ಬಸಿರಿಗೆ ಮುನ್ನ ಆನುವಂಶಿಕ ಸಲಹೆ ಪಡೆಯಬೇಕು. ಎಮರಿನ್ ಬಗೆಯಲ್ಲಿ ದೋಷ ಹೊತ್ತ ಹೆಣ್ಣುಮಕ್ಕಳಿಗೆ ಸ್ನಾಯುವಿನ ತೊಂದರೆ ಕಾಣುವುದು ಅಪರೂಪ, ಹೃದಯದ ಲಯ ಮಾತ್ರ ಕೆಡಬಹುದು. ಅವರಿಗೂ ಇಸಿಜಿ ತಪ್ಪಿಸಬಾರದು. ದೋಷ ಖಚಿತವಾದವರು ಲಕ್ಷಣವೇನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಇಸಿಜಿ, 24 ಗಂಟೆಯ ಹೋಲ್ಟರ್, ಎಕೋ ಮಾಡಿಸಿಕೊಳ್ಳಬೇಕು. ಕುಟುಂಬದ ಬದಲಾವಣೆ ತಮ್ಮಲ್ಲಿ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದವರಿಗೆ ಈ ಯಾವುದೂ ಬೇಡ, ಅವರ ಮಕ್ಕಳಿಗೂ ಬೇಡ.